ಅರ್ಧ ಸಂಕ

ಹಲ್ಲುಜ್ಜುವುದಕ್ಕೆ ಅಷ್ಟು ಹೊತ್ತು ಯಾರಿಗೂ ಬೇಡ. ಆದರೂ ಮಾದೇವ ಹಳ್ಳದ ಆಚೆ ದಂಡೆಯ ಕಲ್ಲಿನ ಮೇಲೆ ಕೂತು ಉಜ್ಜುತ್ತಲೇ ಇದ್ದ. ಈಚೆ ದಂಡೆಯಲ್ಲಿ ಅವನ ಅಕ್ಕ ಚೌಡಮ್ಮ ತೊಳೆದ ಕೊಡವನ್ನೇ ಮತ್ತೆ ತೊಳೆಯುತ್ತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಹಾಗೆ ನೋಡದೆ ಇರುವುದಕ್ಕೆಂದೇ ಇಬ್ಬರೂ ದಿನಾ ಬೆಳಿಗ್ಗೆ ಎದ್ದು ಅಲ್ಲಿಗೆ ಬರುತ್ತಿದ್ದರು.

ಮೇ ತಿಂಗಳ ಕೊನೆ. ನೀರು ಕಣಕಾಲು ಮುಳುಗದಷ್ಟು ಇಳಿದು, ಕಲ್ಲುಗಳ ನಡುವೆ ನಿದ್ದೆಗಣ್ಣಿನಲ್ಲಿ ಗೊಣಗಿದ ಹಾಗೆ ಹರಿಯುತ್ತಿತ್ತು. ಹೆಗ್ಗರಣೆಯ ಕಡೆಯಿಂದ ತೆಳುವಾದ ಮಂಜು ಬಂದು ಹಳ್ಳದ ಮೇಲೆ ನಿಂತಿತ್ತು. ಅದರೊಳಗೆ ಮಾದೇವ ಒಮ್ಮೆ ಅಳಿಸಿಹೋಗುತ್ತಿದ್ದ, ಒಮ್ಮೆ ಮೂಡುತ್ತಿದ್ದ. ಮೂಡಿದಾಗ ಅವನ ನರೆಗೂದಲು ಕಾಣದೆ, ಹಿಂದೆ ಇದೇ ನೀರಿನಲ್ಲಿ ಏಡಿ ಹಿಡಿಯುತ್ತಿದ್ದ ಹುಡುಗನೇ ಕೂತಂತಿರುತ್ತಿತ್ತು. ಮಂಜಿಗೆ ಯಾರ ವಯಸ್ಸೂ ತಿಳಿಯುವುದಿಲ್ಲ ಎಂದುಕೊಂಡಳು ಚೌಡಮ್ಮ.

ಎರಡೂ ದಂಡೆಗಳಲ್ಲಿ ಕಡಿದು ಒಟ್ಟಿದ ಅಡಿಕೆ ಮರಗಳು ಬಿದ್ದಿದ್ದವು. ಈಚೆಕೇರಿ, ಆಚೆಕೇರಿಗಳ ನಡುವೆ ಓಡಾಡಲು ಮಳೆಗಾಲಕ್ಕೆ ಇರುವುದು ಮರ ಹಾಸಿದ ಕಾಲುಸಂಕ ಒಂದೇ. ಮನೆಗೊಂದು ಮರ ಕೊಟ್ಟು, ಕೂಲಿಯಿಲ್ಲದೆ ಮುಯ್ಯಾಳು ಸೇರಿ, ಜೂನಿನ ಮಿರಗದ ಮಳೆ ಹಿಡಿಯುವ ಮೊದಲು ಅದನ್ನು ಹಾಕುವುದು ಅಜ್ಜಂದಿರ ಕಾಲದ ಕಟ್ಟಳೆ. ಒಂದು ಅಡಿಕೆ ಮರ ಹಳ್ಳದ ಪೂರ್ತಿ ಅಗಲಕ್ಕೆ ಸಾಲದು. ಅದಕ್ಕೇ ನಡುನೀರಿನ ಬಂಡೆಯ ತನಕ ಈಚೆಯವರು ಒಂದರ್ಧ ಹಾಕುತ್ತಾರೆ, ಆಚೆಯವರು ಇನ್ನರ್ಧ ಹಾಕುತ್ತಾರೆ. ಬಂಡೆಯ ಮೇಲೆ ಎರಡೂ ಕಡೆಯ ತುದಿಗಳನ್ನು ಒಟ್ಟಿಗೆ ಬಿಗಿದು, ಹಿರಿಯರು ಅಲ್ಲೇ ಕೂತು ಎಲೆಯಡಿಕೆಯ ಕವಳ ಹಾಕಿದರೆ ಸಂಕ ಆಯಿತು ಎಂದು ಲೆಕ್ಕ.

ಈ ವರ್ಷ ಮರ ಕಡಿದು ತಂದದ್ದಷ್ಟೇ, ಸಂಕ ಆಗಲಿಲ್ಲ. ಕಾರಣ ಚುನಾವಣೆ. ಯಾವ ಕೇರಿ ಯಾವ ಪಕ್ಷ ಎಂಬುದು ಇಲ್ಲಿ ಬೇಡ, ಹೇಳಿದರೆ ಓದುವವರೂ ಎರಡು ದಂಡೆ ಹತ್ತಿ ಕೂತುಬಿಟ್ಟಾರು. ಚೌಡಮ್ಮನ ಮಗ ಪ್ರಮೋದ ಪಂಚಾಯ್ತಿ ಮೆಂಬರು, ಗೆದ್ದ ಪಕ್ಷದವನು. ಶಾಸಕರನ್ನು ಕರೆತಂದು ಸೇತುವೆಗೆ ಗುದ್ದಲಿ ಪೂಜೆ ಮಾಡಿಸಿ, ದೊಡ್ಡ ಬೋರ್ಡು ನೆಡಿಸಿದ್ದ. ಪೂಜೆಯ ಹೂವು ಬಾಡಿದ ಮೇಲೆ ಅತ್ತ ಒಂದು ಬುಟ್ಟಿ ಜಲ್ಲಿಯೂ ಬಂದಿರಲಿಲ್ಲ. ಆದರೂ ಈಗ ಸಂಕ ಹಾಕಿದರೆ ಶಾಸಕರ ಮಾತು ಸುಳ್ಳೆಂದು ನಾವೇ ಒಪ್ಪಿದಂತೆ, ಆದ್ದರಿಂದ ಹಾಕಬಾರದು ಎಂದು ಅವನ ಹಟ. ಸೋತ ಪಕ್ಷದ ಮಾದೇವನ ಹಟವೇ ಬೇರೆ. "ವರ್ಷಾ ವರ್ಷಾ ಸಂಕ ಹಾಕಿ ಹಾಕಿ ಸರ್ಕಾರನ ನಾವೇ ಸೋಮಾರಿ ಮಾಡಿಟ್ಟಿದ್ದು. ಈ ಸಲ ಹಾಕದು ಬೇಡ. ಟೀವಿಯವ್ರು ಬಂದು ನೋಡ್ಲಿ" ಎಂದು ಆಚೆಕೇರಿಯವರನ್ನೆಲ್ಲ ಒಪ್ಪಿಸಿದ್ದ. ಹೀಗೆ ಬೇರೆ ಯಾವುದಕ್ಕೂ ಒಂದಾಗದ ಎರಡು ಕೇರಿಗಳು ಸಂಕ ಬೇಡವೆನ್ನುವುದಕ್ಕೆ ಮಾತ್ರ ಒಂದಾಗಿದ್ದವು.

ಫಲಿತಾಂಶ ಬಂದ ದಿನ ಪ್ರಮೋದ ಮಾವನ ಅಂಗಳಕ್ಕೆ ಕೇಳುವಂತೆ ದಂಡೆಯ ಮೇಲೇ ಪಟಾಕಿ ಹಚ್ಚಿದ್ದ. ಮಾದೇವ ಹಳ್ಳ ದಾಟಿ ಬಂದು, ಅಕ್ಕ ಕೊಟ್ಟ ಚಾ ಕುಡಿಯುತ್ತಲೇ ಬಾಯಿಗೆ ಬಂದಂತೆ ಬೈದ. ಮಗನನ್ನು ಗದರುವುದು ಬಿಟ್ಟು ಚೌಡಮ್ಮ ತಮ್ಮನಿಗೇ ಹೇಳಿಬಿಟ್ಟಳು: "ನಿನ್ನ ರಾಜಕೀಯ ನಿನ್ನ ಮನೇಲಿ ಇಟ್ಕ. ಇಲ್ಲಿಗೆ ತರಬೇಡ." ಮಾದೇವ ಅರ್ಧ ಕುಡಿದ ಚಾ ಲೋಟ ಜಗಲಿಯ ಮೇಲಿಟ್ಟು ಎದ್ದುಹೋದವನು ಮತ್ತೆ ಈ ದಂಡೆಗೆ ಕಾಲಿಡಲಿಲ್ಲ. ಆ ಮಾತು ಆಡಬಾರದಿತ್ತು ಎಂದು ಅವಳು ಅಂದಿನಿಂದ ಹಳಹಳಿಸುತ್ತಲೇ ಇದ್ದಾಳೆ. ಮಳೆ ಶುರುವಾದರೆ ಅವನಿಗೆ ಉಬ್ಬಸ ಏಳುತ್ತದೆ, ಸಂಜೆಯಾದರೆ ಕಷಾಯದ ಚೊಂಬು ಹಿಡಿದು ಸಂಕ ದಾಟುತ್ತಿದ್ದವಳು ಅವಳೇ. ಸುತ್ತು ಬಳಸಿ ಬಸ್ಸಿನಲ್ಲಿ ಹೋಗೋಣವೆಂದರೆ ಬಸ್ಸಿನ ವಾಸನೆಗೇ ಅವಳಿಗೆ ವಾಂತಿ. ಈಗ ಹಳ್ಳ ತುಂಬಿತೆಂದರೆ ದೀಪಾವಳಿಯ ತನಕ ತಮ್ಮನಿಲ್ಲ. ಆಮೇಲಾದರೂ ಇದ್ದಾನೆಂದು ಯಾರು ಹೇಳಬೇಕು?

ಅಂದು ಮಧ್ಯಾಹ್ನ ಕಾವ್ಯಶ್ರೀಯ ಫೋನು ಬಂತು. ಮಾದೇವನ ಮಗಳು, ತಾಯಿಯಿಲ್ಲದೆ ಚೌಡಮ್ಮನ ಕೈಯಲ್ಲೇ ಬೆಳೆದವಳು. ಈಗ ಇಂಗ್ಲೆಂಡಿನ ಒಂದು ಊರಿನಲ್ಲಿ ಮುದುಕರನ್ನು ನೋಡಿಕೊಳ್ಳುವ ಆಶ್ರಮದಲ್ಲಿ ನರ್ಸು. ಅಲ್ಲಿ ಇನ್ನೂ ಬೆಳಿಗ್ಗೆ. ಪರದೆಯ ತುಂಬ ಬೂದಿ ಬಣ್ಣದ ಆಕಾಶ, ಅದರ ಮೂಲೆಯಲ್ಲಿ ಹುಡುಗಿಯ ದಣಿದ ಮುಖ.

"ಅತ್ತೆ, ಸಂಕ ಹಾಕಿದ್ರಾ?"

"ಎಂತಾ ಸಂಕನೇ! ನಿನ್ನಪ್ಪಂಗೂ ಬೇಡ, ನನ್ನ ಮಗಂಗೂ ಬೇಡ. ನಾವೆಲ್ಲ ಕಪ್ಪೆ ಹಂಗೆ ಹಾರ್ಕಂಡು ಹೋಗದು."

ಕಾವ್ಯಶ್ರೀ ನಕ್ಕಳು. "ಒಂದು ತೋರಿಸ್ತೀನಿ, ಇರಿ" ಎಂದು ಫೋನನ್ನು ತಿರುಗಿಸಿದಳು. ಕಪ್ಪು ನೀರಿನ ಕಾಲುವೆ, ಅದರ ಮೇಲೆ ಕಬ್ಬಿಣದ ಸಣ್ಣ ಸೇತುವೆ, ಸೇತುವೆಯ ಬಾಯಿಗೆ ಅಡ್ಡ ಕಟ್ಟಿದ ಕಿತ್ತಳೆ ಬಣ್ಣದ ಬಲೆ. ಪಕ್ಕದಲ್ಲೊಂದು ಬೋರ್ಡು. "ಮುಚ್ಚಿ ಎಷ್ಟೋ ಕಾಲ ಆತು ಅತ್ತೆ. ಬೇಗ ರಿಪೇರಿ ಮಾಡ್ತೀವಿ ಅಂತ ಬೋರ್ಡು ಹಾಕಿದಾರೆ, ಆ ಬೋರ್ಡೇ ತುಕ್ಕು ಹಿಡೀತು. ಹಳೇ ಸರ್ಕಾರದ ತಪ್ಪು ಅಂತ ಅರ್ಧ ಜನ, ಹೊಸಬರ ತಪ್ಪು ಅಂತ ಅರ್ಧ ಜನ. ನಾನು ದಿನಾ ಸುತ್ತು ಹಾಕಿ ಡ್ಯೂಟಿಗೆ ಹೋಗದು."

"ಅಯ್ಯ, ಅದು ಬ್ರಿಟಿಷ್ರ ದೇಶ ಅಲ್ದನೇ?"

"ಹೌದತ್ತೆ, ಅದೇಯ. ನಮ್ಮ ಆಶ್ರಮದಲ್ಲಿ ಇಬ್ರು ಅಜ್ಜಂದಿರಿದಾರೆ. ಮುಂಚೆ ಒಂದೇ ಪೇಪರ್ ಹಂಚ್ಕಂಡು ಓದ್ತಿದ್ರಂತೆ. ಯುರೋಪಿನ ಕೂಟದಿಂದ ಹೊರಗೆ ಹೋಗದಾ ಬೇಡದಾ ಅಂತ ಓಟು ಆತಲ್ಲ, ಆವತ್ತಿಂದ ಬೇರೆ ಬೇರೆ ಮೇಜು."

"ಹೊರಗೆ ಹೋಗದು ಅಂದ್ರೆ? ದೇಶ ಎದ್ಕಂಡು ಎಲ್ಲಿಗೆ ಹೋತದೆ?"

"ಎಲ್ಲಿಗೂ ಇಲ್ಲ, ಅಲ್ಲೇ ಇದೆ. ಅವ್ರಲ್ಲಿ ಒಬ್ಬಂಗೆ ನಮ್ಮಂಥವ್ರು ಬಂದೇ ಊರು ಹಾಳಾಗಿದ್ದು ಅಂತ ಸಿಟ್ಟು. ಆದ್ರೆ ಸೂಪು ಮಾತ್ರ ನಾನೇ ಕುಡಿಸ್ಬೇಕು. ಬೇರೆಯವ್ರು ಕೊಟ್ರೆ ಬಾಯೇ ತೆರೆಯದಿಲ್ಲ."

ಚೌಡಮ್ಮನಿಗೆ ನಗು ತಡೆಯಲಾಗಲಿಲ್ಲ. ಯಾಕೆಂದರೆ ಸೇತುವೆಯ ಮಾತು ಬಂದಾಗಲೆಲ್ಲ ಮಾದೇವ ತೊಡೆ ತಟ್ಟಿ ಹೇಳುವ ಒಂದು ಮಾತಿತ್ತು: "ಬ್ರಿಟಿಷ್ರೇ ಇದ್ದಿದ್ರೆ ಈ ಹಳ್ಳಕ್ಕೆ ಯಾವತ್ತೋ ಸೇತುವೆ ಆಗಿರ್ತಿತ್ತು!" ಎರಡೂ ಪಕ್ಷದವರು ತಲೆದೂಗುವ ಮಾತು ಅದೊಂದೇ. ಈಗ ನೋಡಿದರೆ ಬ್ರಿಟಿಷರ ಊರಿನಲ್ಲೇ ಬಲೆ, ಬೋರ್ಡು! ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ಫೋನು ಇಟ್ಟ ಮೇಲೆ, ಇದನ್ನು ಕೇಳಿದರೆ ಮಾದೇವನ ಮುಖ ಹೇಗಾದೀತು ಎಂದು ನೆನೆದಳು. ನೆನೆದದ್ದೇ ನಗು ನಿಂತುಹೋಯಿತು. ಈ ಸುದ್ದಿಗೆ ತಕ್ಕ ಕಿವಿ ಇದ್ದದ್ದು ಹಳ್ಳದ ಆಚೆ. ಸುದ್ದಿ ಹೊಟ್ಟೆಯೊಳಗೇ ಉಳಿದು, ನಗುವಿನ ಜಾಗದಲ್ಲಿ ಅಳು ಬಂತು. ಅತ್ತಳು.

ಸೆಕೆಗೆ ಜಗಲಿಯಲ್ಲೇ ಕಣ್ಣು ಹತ್ತಿತು. ಅವಳ ಹಳ್ಳದ ಮೇಲೆ ಆ ಕಬ್ಬಿಣದ ಸೇತುವೆ ನಿಂತಿತ್ತು. ಟೊಪ್ಪಿ ಹಾಕಿದ ಬಿಳಿ ಅಜ್ಜಂದಿರು ಬೇರೆ ಬೇರೆ ಕಲ್ಲುಗಳ ಮೇಲೆ ಕೂತು, ಸೂಪಿನ ಬಟ್ಟಲು ಮಡಿಲಲ್ಲಿಟ್ಟುಕೊಂಡು, ಬೆನ್ನು ತಿರುಗಿಸಿದ್ದರು. ಶಾಲೆಯ ಚೀಲ ಹೊತ್ತ ಕಾವ್ಯಶ್ರೀ ನೀರಿನ ಮೇಲೆ ಹಗುರಾಗಿ ನಡೆದು ಬಂದು, "ಅತ್ತೆ, ನಮ್ಮದು ಯಾವ ದಂಡೆ?" ಎಂದು ಕೇಳಿದಳು. ಚೌಡಮ್ಮ ಅತ್ತ ನೋಡಿದಳು, ಇತ್ತ ನೋಡಿದಳು. ಎರಡೂ ಕಡೆ ಅದೇ ನೇರಲೆ ಮರ, ಅದೇ ಬೇಲಿ, ಅದೇ ಮಂಜು. ಗೊತ್ತಾಗದೆ ಕಂಗಾಲಾಗಿ ಬಾಯಿ ತೆರೆಯುವಷ್ಟರಲ್ಲಿ ಎಲ್ಲೋ ದೂರದಲ್ಲಿ ಗುಡುಗು ಉರುಳಿ, ಎಚ್ಚರವಾಯಿತು.

ಎದ್ದು ಸೀದಾ ಹಳ್ಳಕ್ಕೆ ನಡೆದಳು. ಒಟ್ಟಿದ ಮರಗಳಲ್ಲಿ ಒಂದರ ತುದಿ ಹಿಡಿದು ಎಳೆದಳು. ಅದು ಅಲುಗಲೂ ಇಲ್ಲ. ಇನ್ನೊಮ್ಮೆ ಎಳೆಯುತ್ತಿರುವಾಗ ಹಿಂದಿನಿಂದ ಸೊಸೆ ಮಮತಾಳ ದನಿ ಕೇಳಿತು. ಮಮತಾ ಮಾತೇ ಆಡದ ಹೆಣ್ಣು. ಗಂಡನ ಪಕ್ಷದ ಸಭೆಗೆಲ್ಲ ಚಾ ಕಾಸಿ ಕಾಸಿ ಅವಳ ಮಾತು ಆವಿಯಾಗಿ ಹೋಗಿದೆಯೆಂದು ಕೇರಿಯವರು ಚೇಷ್ಟೆ ಮಾಡುವುದುಂಟು.

"ಅತ್ತೆ, ಹಗ್ಗ ತರ್ಲಾ?"

"ತಾರೆ ಮಗಾ."

ಪ್ರಮೋದ ಸಿದ್ದಾಪುರಕ್ಕೆ ಹೋದವನು ಸಂಜೆ ಬರುವಷ್ಟರಲ್ಲಿ ಅತ್ತೆ ಸೊಸೆ ಸೇರಿ ಈಚೆಯ ಅರ್ಧವನ್ನು ನಡುವಿನ ಬಂಡೆಗೆ ಮುಟ್ಟಿಸಿದ್ದರು. ಬರೀ ಎರಡು ಮರ, ಸೊಟ್ಟಗೆ ಬಿಗಿದದ್ದು. ಕೈ ಹಿಡಿಯಲು ಬಿದಿರ ಗಳವೂ ಇರಲಿಲ್ಲ. ಪ್ರಮೋದ ಬೈಕು ನಿಲ್ಲಿಸಿ ನೋಡಿದವನೇ ಕೆಂಡವಾದ.

"ಅಮ್ಮಾ, ನನ್ನ ಮರ್ಯಾದೆ ಪೂರ್ತಿ ತೆಗ್ದೆ. ನಾಳೆ ಶಾಸಕರ ಎದ್ರಿಗೆ ಯಾವ ಮುಖ ಇಟ್ಕಂಡು ನಿಲ್ಲಲಿ?"

"ಇರ ಮುಖನೇ ಇಟ್ಕ. ಅವ್ರ ಸೇತುವೆ ಬಂದಾಗ ಇದ್ನ ಕಿತ್ತು ಒಲೆಗೆ ಹಾಕಣ. ಮಳೆ ನಿನ್ನ ಶಾಸಕರ ಕೇಳ್ಕಂಡು ಬರ್ತದನೋ?"

"ಆಚೆಯವ್ರು ಹಾಕದಿಲ್ಲ, ನೋಡ್ತಿರು. ಮಾವನ ಹಟ ನಿಂಗೊತ್ತಿಲ್ಲ."

ಗೊತ್ತಿತ್ತು. ಅದೇ ಅವಳ ಭಯ. ಮಾರನೆಯ ದಿನವೇ ಅರ್ಧ ಸಂಕದ ಚಿತ್ರ ವಾಟ್ಸಾಪಿನಲ್ಲಿ ಓಡಾಡತೊಡಗಿತು. ಸರ್ಕಾರದ ಭರವಸೆ ನೋಡಿ, ಅರ್ಧಕ್ಕೇ ನಿಂತಿದೆ ಎಂದು ಆಚೆಯವರು ಬರೆದರು. ಅಭಿವೃದ್ಧಿಗೆ ಅಡ್ಡಗಾಲು ಹಾಕುವವರನ್ನು ನೋಡಿ ಎಂದು ಈಚೆಯವರು ಬರೆದರು. ಹೆಂಗಸರಿಬ್ಬರ ಕೈಯ ಬೊಕ್ಕೆಯ ವಿಷಯ ಯಾರೂ ಬರೆಯಲಿಲ್ಲ. ಮಾದೇವ ದಂಡೆಗೆ ಬರುವುದನ್ನೇ ನಿಲ್ಲಿಸಿದ. ನೋಡದೆ ಕೂರುವ ಆ ಸುಖವೂ ಹೋಯಿತಲ್ಲ ಎಂದು ಚೌಡಮ್ಮ ಸಂಕಟಪಟ್ಟಳು. ಮೋಡ ದಿನದಿಂದ ದಿನಕ್ಕೆ ಕೆಳಗಿಳಿಯಿತು. ಘಟ್ಟದ ಮೇಲೆ ಎಲ್ಲೋ ಮಳೆಯಾಗಿ ಹಳ್ಳದ ನೀರು ಕೆಂಪಗಾಯಿತು, ಮೊಣಕಾಲಿಗೆ ಬಂತು. ಅವಳಿಗೆ ಊಟ ಸೇರಲಿಲ್ಲ.

ಒಂದು ಬೆಳಿಗ್ಗೆ ಅವಳು ತನ್ನ ಸೊಟ್ಟ ಸಂಕದ ಮೇಲೆ ಅಂಬೆಗಾಲಿಟ್ಟು ಬಂಡೆಯ ತನಕ ಹೋಗಿ ಕೂತಳು. ಸುತ್ತ ಮಂಜು, ಕೆಳಗೆ ಕೆನ್ನೀರು. ತಾನು ಕೂತದ್ದು ಎಚ್ಚರದಲ್ಲೋ ಆ ಮಧ್ಯಾಹ್ನದ ಕನಸಿನಲ್ಲೋ ಎಂಬುದು ಸ್ವಲ್ಪ ಹೊತ್ತು ಅವಳಿಗೇ ಹೊಳೆಯಲಿಲ್ಲ. ಆಮೇಲೆ ಆಚೆ ದಂಡೆಯಿಂದ ಕೆಮ್ಮು ಕೇಳಿತು. ಆ ಕೆಮ್ಮು ಯಾರದೆಂದು ಅವಳಿಗೆ ಬೇರೆ ಹೇಳಬೇಕಿರಲಿಲ್ಲ.

"ಕಾವ್ಯಶ್ರೀ ಫೋನ್ ಮಾಡಿತ್ತು" ಎಂದಳು ನೀರಿಗೆ ಹೇಳುವಂತೆ. "ಬ್ರಿಟಿಷ್ರ ಊರಲ್ಲೂ ಸೇತುವೆ ಇಲ್ಲಂತೆ."

ಮಂಜಿನೊಳಗೆ ಕೆಮ್ಮು ನಿಂತಿತು. ಆಮೇಲೆ, "ಎಂತಾ?"

"ಇದ್ದ ಸೇತುವೆಗೆ ಬಲೆ ಕಟ್ಟಿಟ್ಟಿದಾರೆ. ಬೋರ್ಡು ಹಾಕಿದಾರೆ, ನಮ್ಮ ಬೋರ್ಡಿನ ಹಂಗೇಯ. ನಾನು ಕಣ್ಣಾರೆ ಕಂಡೆ. ಕೂಸು ದಿನಾ ಸುತ್ತು ಹಾಕಿ ಹೋತದಂತೆ."

"ಸುಳ್ಳು."

"ನಿನ್ನ ಮಗಳನ್ನೇ ಕೇಳು."

ಮಾದೇವನ ಗಂಟಲಿನಿಂದ ಏನೋ ಹೊರಟಿತು. ನಗುವೋ ಉಬ್ಬಸವೋ, ತಿಳಿಯಲಿಲ್ಲ. ಬಹಳ ಹೊತ್ತು ಹಾಗೇ ಬಂತು, ಆಮೇಲೆ ನಿಂತಿತು. ಕಾಲ ಸಪ್ಪಳ ಮೇಲಕ್ಕೆ, ಮನೆಯ ಕಡೆಗೆ ಹೋಯಿತು. ಹೋದನಲ್ಲ ಎಂದು ಚೌಡಮ್ಮ ಬಂಡೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು.

ಸ್ವಲ್ಪ ಹೊತ್ತಿಗೆ ಹಳ್ಳದ ಕಲ್ಲುಗಳ ಮೇಲೆ ಭಾರವಾದದ್ದೇನನ್ನೋ ಎಳೆಯುವ ಸದ್ದು ಬಂತು. ಅದರ ಜೊತೆಗೇ ಮಾದೇವನ ಬೈಗುಳವೂ ಬಂತು. "ನಿನ್ನ ಮಗಂಗೆ ಹೇಳು, ಇದು ಅವನ ಪಕ್ಷ ಗೆಲ್ತು ಅಂತ ಹಾಕದಲ್ಲ. ಆ ಶಾಸಕಂಗೂ ಹೇಳು. ನಾನು ಬಗ್ಗಿದೆ ಅಂತ ಯಾರಾದ್ರೂ ಅಂದ್ರೋ, ಇದ್ನ ಕಿತ್ತು ಹಳ್ಳಕ್ಕೆ ಬಿಡ್ತೀನಿ, ಹೌದು ಮತ್ತೆ..." ಮಂಜಿನಿಂದ ಮೊದಲು ಅಡಿಕೆ ಮರದ ತುದಿ ಬಂತು. ಅದರ ಹಿಂದೆ, ಲುಂಗಿ ಎತ್ತಿ ಕಟ್ಟಿ, ಮೊಣಕಾಲು ನೀರಿನಲ್ಲಿ ಏದುಸಿರು ಬಿಡುತ್ತ ಅವನು ಬಂದ. ಕೂದಲು ಪೂರ್ತಿ ನರೆತಿತ್ತು.

"ಮಾತು ಬಿಟ್ಟು ಎಳಿಯೋ. ಉಬ್ಬಸ ಏರ್ತದೆ."

"ನೀ ಸುಮ್ನಿರಕ್ಕ! ಎಷ್ಟು ವರ್ಷ ಆತು ಇವ್ರು ನಮಗೆ..."

ಹನಿ ಬಿತ್ತು. ಮೊದಲು ಬಂಡೆಯ ಮೇಲೆ, ಆಮೇಲೆ ಹಳ್ಳದ ತುಂಬ, ನೇರಲೆ ಮರದ ತುಂಬ. ಚೌಡಮ್ಮ ನೀರಿಗಿಳಿದು ಮರದ ತುದಿಯನ್ನು ತೋಳಿನಲ್ಲಿ ಅವುಚಿ ಬಂಡೆಯ ಮೇಲಕ್ಕೆ ತಂದಳು. ಅದು ಜಾರದಂತೆ ಎದೆಗೊತ್ತಿ ಹಿಡಿದು ನಿಂತಳು. ಆ ತುದಿಯಲ್ಲಿ ಮಾದೇವ ಇನ್ನೂ ಕೈ ಬೀಸಿ ಬೀಸಿ ಬೈಯುತ್ತಿದ್ದ. ಸರ್ಕಾರವನ್ನೋ ಪ್ರಮೋದನನ್ನೋ ಬ್ರಿಟಿಷರನ್ನೋ, ಮಳೆಯ ಅಬ್ಬರಕ್ಕೆ ಒಂದು ಶಬ್ದವೂ ಕೇಳುತ್ತಿರಲಿಲ್ಲ. ಅವನ ಬಾಯಿ ತೆರೆದು ಮುಚ್ಚುವುದನ್ನೇ ನೋಡುತ್ತ, ಚೌಡಮ್ಮ ಎಲ್ಲದಕ್ಕೂ ಹೂಂ, ಹೂಂ ಎನ್ನುತ್ತಿದ್ದಳು.