ಮಸಾಜ್ ಕುರ್ಚಿಯ ಬಾಕಿ

ನಮ್ಮ ಮನೆಯವರು ಸಾಲ ವಸೂಲಿ ಕಂಪನಿಯಲ್ಲಿ ಕೆಲಸಕ್ಕಿದ್ದಾರೆ. ಫೋನಿನಲ್ಲಿ ಅವರ ದನಿ ಕೇಳಿದರೆ ಬಾಕಿ ಇಲ್ಲದವರೂ ಒಮ್ಮೆ ಪರ್ಸು ಮುಟ್ಟಿ ನೋಡಿಕೊಳ್ಳಬೇಕು. ಆಫೀಸಿನಲ್ಲಿ ಅವರಿಗೆ ಗುಡುಗು ಅಂತಲೇ ಹೆಸರು. ಮನೆಯಲ್ಲಿ ಗುಡುಗುವುದು ನಾನು.

ನನ್ನದೊಂದು ಸಣ್ಣ ಬೇಕರಿ. ಓವನ್ನಿಗೆ ವಯಸ್ಸಾಗಿ, ಬ್ರೆಡ್ಡಿನ ಎಡಮಗ್ಗುಲು ಕರಕಲಾದರೂ ಬಲಮಗ್ಗುಲು ಹಸಿಯೇ ಇರುತ್ತಿತ್ತು. ಗಿರಾಕಿಗಳು ಒಬ್ಬೊಬ್ಬರೇ ಕಡಿಮೆಯಾದರು. ಹೊಸ ಓವನ್ ಬರದಿದ್ದರೆ ಅಂಗಡಿ ಮುಚ್ಚುವುದೇ ಗತಿ. ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಸಾಲಕ್ಕೆ ಅರ್ಜಿ ಹಾಕಿದೆ. ಬ್ಯಾಂಕಿನಾಕೆ ಕಂಪ್ಯೂಟರ್ ನೋಡಿ ಮುಖ ಸಣ್ಣದು ಮಾಡಿದಳು.

"ಮೇಡಂ, ನಿಮ್ಮ ಯಜಮಾನರ ಕ್ರೆಡಿಟ್ ರಿಪೋರ್ಟ್ ಕೆಟ್ಟಿದೆ. ಮಸಾಜ್ ಕುರ್ಚಿ ತಗೊಂಡು ಕಂತೇ ಕಟ್ಟಿಲ್ಲ."

ನನಗೆ ತಲೆ ಗಿರ್ರೆಂದಿತು. ಹಿಟ್ಟು ನಾದಿ ನಾದಿ ನನ್ನ ಬೆನ್ನು ಬಿದ್ದುಹೋಗಿದೆ, ಇವರು ಯಾವಳ ಮನೆಯಲ್ಲಿ ಕುರ್ಚಿ ಇಟ್ಟಿದ್ದಾರೆ? ಮನೆಗೆ ಬಂದು ವಿಚಾರಿಸಿದರೆ ಅವರೂ ಕಣ್ಣು ಕಣ್ಣು ಬಿಟ್ಟರು. ರಿಪೋರ್ಟು ತರಿಸಿ ನೋಡಿದರೆ, ಕುರ್ಚಿ ಕೊಂಡಿದ್ದು ಇವರದೇ ಹೆಸರಿನ ಇನ್ಯಾರೋ. ಬಾಕಿಯನ್ನು ಇವರ ತಲೆಗೆ ಕಟ್ಟಿ, ಎಲ್ಲರ ಸಾಲದ ಲೆಕ್ಕ ಇಡುವ ಕ್ರೆಡಿಟ್ ಬ್ಯೂರೋಗೆ ಕಳಿಸಿದ್ದು ಮಾತ್ರ ಇವರದೇ ಕಂಪನಿ.

ಊಟಕ್ಕೆ ಕೂತಾಗ ಫೋನು ಬಂತು, ಸ್ಪೀಕರಿಗೆ ಹಾಕಿದರು. ಇವರೇ ಪಾಠ ಹೇಳಿ ತಯಾರು ಮಾಡಿದ್ದ ಸಹೋದ್ಯೋಗಿ.

"ಸರ್, ಕುರ್ಚಿ ಬಾಕಿ ಯಾವಾಗ ಕಟ್ತೀರಾ?"

"ನಾನು ಕಣಮ್ಮಾ. ನಾನ್ಯಾವ ಕುರ್ಚೀನೂ ತಗೊಂಡಿಲ್ಲ."

"ಎಲ್ಲರೂ ಹಾಗೇ ಹೇಳ್ತಾರೆ, ನಂಬಬೇಡ ಅಂತ ನೀವೇ ಕಲಿಸಿದ್ದೀರಲ್ಲ ಸರ್."

ನನಗೆ ನಗು ತಡೆಯಲಾಗಲಿಲ್ಲ. ಫೋನಿಟ್ಟ ಮೇಲೆ ಕೇಳಿದೆ: "ನಿಮ್ಮದಲ್ಲ ಅಂತ ಬರೆದು ಕೊಡೋಕಾಗಲ್ವೇನ್ರೀ?"

"ಆಗುತ್ತೆ. ಬ್ಯೂರೋಗೂ ಕಂಪನಿಗೂ ತಕರಾರು ಕಳಿಸಬಹುದು. ಬಾಕಿ ನಿಜ ಅಂತ ಕಂಪನಿ ತೋರಿಸಬೇಕು, ಆಗದಿದ್ರೆ ರಿಪೋರ್ಟಿಂದ ತೆಗೆಸಬೇಕು. ಅದು ಗ್ರಾಹಕರ ಹಕ್ಕು."

"ಮತ್ತೆ ಬರೀರಿ."

ಅವರು ತಟ್ಟೆ ನೋಡುತ್ತಾ ಹೇಳಿದರು: "ಕಂಪನೀಲಿ ಆ ತಕರಾರೆಲ್ಲ ನನ್ನ ಟೇಬಲ್ಲಿಗೇ ಬರೋದು ಕಣೇ. ನಾನು ಕೆಳಗಿನ ಡ್ರಾಯರಿಗೆ ಹಾಕ್ತೀನಿ."

"ಆಮೇಲೆ?"

"ಆಮೇಲೆ ಏನಿಲ್ಲ."

ನನಗೆ ಮೈಯೆಲ್ಲ ಉರಿಯಿತು. ನಾನೇ ಕೂತು ತಕರಾರು ಬರೆದೆ, ಇವರಿಂದ ಸಹಿ ಹಾಕಿಸಿದೆ, ಎರಡೂ ಕಡೆ ರಿಜಿಸ್ಟರ್ಡ್ ಪೋಸ್ಟ್ ಮಾಡಿದೆ. ಡ್ರಾಯರಿನ ವಿಷಯವನ್ನೂ ಸೇರಿಸಿ ಇವರ ಕಂಪನಿಯ ಮ್ಯಾನೇಜರಮ್ಮನಿಗೆ ಬೇರೆಯೇ ಒಂದು ಪ್ರತಿ ಹಾಕಿದೆ.

ಆಕೆ ಡ್ರಾಯರ್ ತೆಗೆಸಿದರಂತೆ. ಅದು ತುಂಬಿ ಬಿಗಿದುಹೋಗಿ ಇಬ್ಬರು ಹಿಡಿದು ಎಳೆಯಬೇಕಾಯಿತಂತೆ. "ಮೊದಲು ಬಂದವರದು ಮೊದಲು ಮುಗಿಸಿ. ನಿಮ್ಮದು ಕೊನೇದು" ಅಂದರಂತೆ.

ಇವರು ಒಂದೊಂದನ್ನೇ ತೆಗೆದು ನೋಡಿದರು. ಒಬ್ಬ ದರ್ಜಿಯ ಹೆಸರಿಗೆ ತೀರಿಹೋದ ಅವನ ಅಣ್ಣನ ಫೋನ್ ಬಿಲ್ಲು ಬಂದಿತ್ತು. ಸ್ಕೂಲ್ ವ್ಯಾನಿನ ಡ್ರೈವರ್ ಪೂರ್ತಿ ಹಣ ಕಟ್ಟಿ ರಸೀದಿ ಲಗತ್ತಿಸಿದ್ದರೂ ಬಾಕಿ ಹಾಗೇ ಇತ್ತು. ಎಲ್ಲರಿಗೂ ಫೋನು ಮಾಡಿ ತಪ್ಪೊಪ್ಪಿಕೊಳ್ಳಬೇಕು. ಆ ಮಾತು ಇವರ ಗಂಟಲಿಗೆ ಅಭ್ಯಾಸವಿಲ್ಲ. ಬೆಳಿಗ್ಗೆ ಬಚ್ಚಲುಮನೆಯೊಳಗೆ "ನಮ್ಮಿಂದ ತಪ್ಪಾಗಿದೆ" ಎಂದು ಬಗೆಬಗೆಯಾಗಿ ಹೇಳಿ ನೋಡುತ್ತಿದ್ದರು. ಒಂದೂ ಸರಿಬರುತ್ತಿರಲಿಲ್ಲ, ಎಲ್ಲವೂ ಬೆದರಿಕೆಯ ಹಾಗೆಯೇ ಕೇಳಿಸುತ್ತಿದ್ದವು.

ಒಂದು ಸಂಜೆ ಬಂದವರೇ ಚಪ್ಪಲಿಯನ್ನೂ ಬಿಡದೆ ಹೇಳಿದರು:

"ಮನೆ ಮಾಲೀಕರು ರಿಪೋರ್ಟ್ ನೋಡಿ ಆ ವ್ಯಾನಿನವನಿಗೆ ಬಾಡಿಗೆಗೆ ಮನೆ ಕೊಡಲಿಲ್ಲವಂತೆ. ಬೈತಾನೆ ಅಂದ್ಕೊಂಡೆ. ಥ್ಯಾಂಕ್ಸ್ ಸರ್ ಅಂದ ಕಣೇ."

ಅವರನ್ನು ನೋಡಿ ನನಗೆ ಪಾಪ ಅನ್ನಿಸಿತು. ವ್ಯಾನಿನವನನ್ನು ನೆನೆದು ಇನ್ನೂ ಜಾಸ್ತಿ ಅನ್ನಿಸಿತು.

ಕೊನೆಗೆ ನಮ್ಮ ಸರದಿಯೂ ಬಂತು. ಪೋಸ್ಟಿನಲ್ಲಿ ಪತ್ರ: "ಮಾನ್ಯರೇ, ಪರಿಶೀಲಿಸಲಾಗಿ ಈ ಬಾಕಿ ನಿಮ್ಮದಲ್ಲವೆಂದು ತಿಳಿದುಬಂದಿದೆ. ರಿಪೋರ್ಟಿನಿಂದ ತೆಗೆಸಲಾಗಿದೆ. ನಿಮಗೂ ನಿಮ್ಮ ಪತ್ನಿಗೂ ಆದ ತೊಂದರೆಗಾಗಿ ಕ್ಷಮೆ ಕೋರುತ್ತೇವೆ." ಕೆಳಗೆ ಇವರ ಸಹಿ, ಕಂಪನಿಯ ಮೊಹರು.

ಮದುವೆಯಾದಾಗಿನಿಂದ ಈ ಮನುಷ್ಯನ ಬಾಯಿಂದ ಕ್ಷಮೆಯೆಂಬ ಮಾತು ಬಂದದ್ದಿಲ್ಲ. ಈಗ ಮೊಹರಿನ ಸಮೇತ ಬಂದಿದೆ. ಸಾಲ ಸಿಕ್ಕಿತು, ಹೊಸ ಓವನ್ ಬಂತು, ಬ್ರೆಡ್ಡು ಎರಡೂ ಮಗ್ಗುಲಿಗೆ ಹದವಾಗಿ ಬೇಯುತ್ತಿದೆ. ಪತ್ರಕ್ಕೆ ಚೌಕಟ್ಟು ಹಾಕಿಸಿ ಓವನ್ನಿನ ಮೇಲಿನ ಗೋಡೆಗೆ ತೂಗುಹಾಕಿದ್ದೇನೆ. ಅವರು ಜಗಳಕ್ಕೆ ಬಾಯಿ ತೆರೆದರೆ ಸುಮ್ಮನೆ ಅದರ ಕಡೆ ನೋಡುತ್ತೇನೆ.

"ಕ್ಷಮೆ ಕೇಳಿದ್ದು ಕಂಪನಿ ಕಣೇ, ನಾನಲ್ಲ" ಎಂದು ಅವರ ತಕರಾರು.

ಬರೆದು ಕೊಡಿ, ಡ್ರಾಯರಿಗೆ ಹಾಕ್ತೀನಿ ಅಂದಿದ್ದೇನೆ.