ಸೂಗಮ್ಮ ಮತ್ತೆ ಉಪ್ಪಿನಕಾಯಿ ಹಾಕಿದಳು

ಮಿಯಾಪುರದ ಮೆಟ್ರೊ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಸೂಗಮ್ಮನ ಮನೆ. ಅವಳು ರೊಟ್ಟಿ ಬಡಿಯಲು ಕೂತರೆ ಇಡೀ ಗಲ್ಲಿಗೆ ಸಪ್ಪಳ ಕೇಳಬೇಕು, ಅಂಥ ಗಟ್ಟಿ ಹೆಣ್ಣುಮಗಳು! ಆದರೆ ಉಪ್ಪಿನಕಾಯಿಯ ಮಾತೆತ್ತಿದರೆ ಸಾಕು, ಹಿಂದೆ ಸರಿಯುತ್ತಿದ್ದಳು. ಮೂರು ವರ್ಷದ ಹಿಂದೆ ಅವಳು ಹಾಕಿದ ಒಂದು ಭರಣಿ ಮಾವಿನಕಾಯಿಗೆ ಬೂಷ್ಟು ಹಿಡಿದಿತ್ತು. "ಇಕೀ ಕೈಗುಣಾನ ಸರಿ ಇಲ್ಲ" ಎಂದುಬಿಟ್ಟಿದ್ದರು ಅತ್ತೆ ಉಮಾಬಾಯಿ. ಅಂದಿನಿಂದ ಸೂಗಮ್ಮ ಭರಣಿ ಮುಟ್ಟಿದ್ದರೆ ಕೇಳಿ.

ಈ ಬೇಸಿಗೆಯಲ್ಲಿ ಗಲ್ಲಿಯ ಮಹಿಳಾ ಸಂಘಕ್ಕೆ ದೊಡ್ಡ ಅಪಾರ್ಟ್‌ಮೆಂಟೊಂದರಿಂದ ಉಪ್ಪಿನಕಾಯಿಗೆ ಬೇಡಿಕೆ ಬಂತು. ಸಂಘದ ಮುಂದಾಳು ಕೋಕಿಲಾ ಮನೆಗೇ ಬಂದಳು.

"ನಿನ್ನ ಹೆಸರು ಬರಕೊಳ್ಳಲೇನು, ಸೂಗವ್ವಾ?"

"ಬ್ಯಾಡವ್ವಾ. ನನ್ನ ಕೈಲಿಂದ ಆಗೂದಿಲ್ಲ. ಸಂಘದ ಮರ್ಯಾದಿ ಹೋಗತೈತಿ."

ಬಾಯಿ ಹಾಗೆಂದಿತು. ಆದರೆ ತನ್ನದೆನ್ನುವ ಒಂದು ಕೆಲಸ ಬೇಕೆಂದು ಅವಳ ಜೀವ ಎಷ್ಟು ಹಂಬಲಿಸುತ್ತಿತ್ತೋ ಅವಳಿಗೇ ಗೊತ್ತು.

ಕೋಕಿಲಾ ಚಾಪೆಯ ಮೇಲೆ ಕೂತಳು. "ಆವತ್ತು ಹೆಂಗ ಹಾಕಿದ್ದಿ, ಹೇಳು ನೋಡೂಣು."

"ಜಿಟಿಜಿಟಿ ಮಳಿ ಹತ್ತಿತ್ತು. ಭರಣಿ ತೊಳದೆ, ತುಂಬಿದೆ."

"ಒಣಗಿಸಿದ್ಯಾ?"

ಸೂಗಮ್ಮ ನೆನಪು ಮಾಡಿಕೊಂಡಳು. "ಇಲ್ಲ..."

"ಅರೇ! ಭರಣ್ಯಾಗ ನೀರಿತ್ತು, ಬೂಷ್ಟು ಬಂತು. ನಿನ್ನ ಕೈ ಏನ್ ಮಾಡೀತು, ಪಾಪ? ನಂದೂ ಮೊದಲನೇ ಭರಣಿ ಕೆಟ್ಟಿತ್ತು, ನಾ ಯಾರ ಮುಂದೂ ಹೇಳಿಲ್ಲ. ಈಗ ಎರಡ ಕಾಯಿ ತಗೋ, ಸಣ್ಣ ಬಾಟಲಿ ಸಾಕು. ಬರೂ ತಿಂಗಳ ಮೀಟಿಂಗ್ ತನಕ ನಿನ್ನ ಜಾಗಾ ಇಟ್ಟಿರ್ತೀನಿ. ಆಮ್ಯಾಲ ಇನ್ನೊಬ್ಬರಿಗೆ ಕೊಡಬೇಕಾಗತೈತಿ, ಮತ್ತ."

ಎರಡೇ ಕಾಯಿ ತಾನೆ ಎಂದು ಸೂಗಮ್ಮ ಧೈರ್ಯ ಮಾಡಿದಳು. ಕಾಯಿ ಒರೆಸಿದಳು, ಬಾಟಲಿ ಬಿಸಿಲಿಗಿಟ್ಟಳು, ಉಪ್ಪು ಖಾರ ಎಣ್ಣೆ ಕಲೆಸಿ ತುಂಬಿದಳು. ನಾಲ್ಕನೇ ದಿನ ಉಮಾಬಾಯಿ ಒಂದು ಹೋಳು ಬಾಯಿಗಿಟ್ಟು ಮುಖ ಕಿವುಚಿದರು.

"ಥೂ, ಬರೇ ಉಪ್ಪು! ನಾ ಹೇಳಿದ್ದಿಲ್ಲೇನು?"

ಸೂಗಮ್ಮ ಬಾಟಲಿಯನ್ನು ತನ್ನತ್ತ ಎಳೆದುಕೊಂಡಳು. ಮೊದಲಾಗಿದ್ದರೆ ಅಲ್ಲಿಗೇ ಬಿಟ್ಟುಬಿಡುತ್ತಿದ್ದಳು. ಈ ಸಲ ತಾನೂ ಒಂದು ಹೋಳು ತಿಂದು ನೋಡಿದಳು.

"ಖರೇನ್ರಿ ಅತ್ತಿ, ಉಪ್ಪು ಭಾಳ ಆಗೈತಿ. ಅಂದಾಜಿನ ಮ್ಯಾಲ ಸುರುವಿದೆ. ಇನ್ನೊಂದ್ಸಲ ಅಳತಿ ಮಾಡಿ ಹಾಕ್ತೀನಿ."

ಹೇಳಿದಂತೆ ಬಟ್ಟಲಲ್ಲಿ ಉಪ್ಪು ಅಳೆದು ಇನ್ನೊಂದು ಬಾಟಲಿ ತುಂಬಿದಳು. ಮೂರು ವಾರ ಇಣುಕಿದ್ದೇ ಇಣುಕಿದ್ದು! ಬೂಷ್ಟಿನ ಸುಳಿವಿಲ್ಲ. ಉಮಾಬಾಯಿ ರೊಟ್ಟಿಗೆ ಹಚ್ಚಿಕೊಂಡು ತಿಂದರು, ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ಆಮೇಲೆ ಮೆಲ್ಲಗೆ ಅಂದರು: "ಆವತ್ತು ಭರಣಿ ಒಣಗಿಸು ಅಂತ ನಾನ ಹೇಳಬೇಕಿತ್ತವ್ವಾ. ಸುಮ್ಮನ ನಿನ್ನ ಕೈಗೆ ಅಂದೆ."

ಸೂಗಮ್ಮನ ಕಣ್ಣು ತುಂಬಿದವು. ಮೀಟಿಂಗಿನಲ್ಲಿ ಕೋಕಿಲಾ ಕೇಳುವ ಮೊದಲೇ ಎದ್ದು ನಿಂತು, "ನನ್ನ ಹೆಸರು ಬರಕೋರಿ" ಎಂದಳು.

ಅಕ್ಕಂದಿರೇ, ಅಣ್ಣಂದಿರೇ, ನೀವೂ ಯಾವುದೋ ಕೆಲಸವನ್ನು "ನನ್ನಿಂದಾಗದು" ಎಂದು ಬಿಟ್ಟಿದ್ದೀರಲ್ಲ? ಅದು ಆವತ್ತು ಯಾಕೆ ಕೆಟ್ಟಿತೆಂದು ಯೋಚಿಸಿ. ತಿಳಿದವರನ್ನು ಕೇಳಿ. ಸಣ್ಣದಾಗಿ ಮತ್ತೆ ಶುರು ಮಾಡಿ. ನನ್ನಿಂದಾಗುತ್ತದೆ ಎಂದು ನಂಬಿದರೆ ತಾನೆ ಎರಡನೇ ಸಲ ಕೈ ಹಾಕಲು ಮನಸ್ಸು ಬರುವುದು? ನಿಮ್ಮ ಮನೆಯಲ್ಲಿ ಯಾರಾದರೂ ತಪ್ಪಿದರೆ ಹಳಿಯಬೇಡಿ, ಎಲ್ಲಿ ತಪ್ಪಿತೆಂದು ಪಕ್ಕದಲ್ಲಿ ಕೂತು ತೋರಿಸಿಕೊಡಿ.