ನಿನಗ ಹೇಳಿದ್ದು

“ಘಾಂಟಿಗಳ ಬಾಯಿ ಬಿಡಿಸೋದಕ್ಕೆ ಘಾಂಟಿಯೇ ಬೇಕು. ಅದಕ್ಕೇ ಇವನನ್ನು ಸಾಕಿದ್ದೇವೆ.”

ತಪಾಸಣೆಗೆ ಬಂದಿದ್ದ ಪ್ರಭುದೇಸಾಯಿ ಇದನ್ನು ಹಿಂದಿಯಲ್ಲಿ, ಸಾಹಿಲನ ಹೆಗಲ ಮೇಲೆ ಕೈಯಿಟ್ಟೇ ಹೇಳಿದ. ವೆರ್ಣಾದ ಆ ಬಾಟಲಿ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೂತಿದ್ದ ಮ್ಯಾನೇಜರರು ನಕ್ಕರು. ಚಹಾ ಸುರಿಯುತ್ತಿದ್ದವನು ನಕ್ಕ. ಕೂಲಿಯಾಳುಗಳ ಗುತ್ತಿಗೆದಾರ ಕಂಠೆಪ್ಪನೂ ನಕ್ಕ. ಘಟ್ಟ ಇಳಿದು ಬಂದವರಿಗೆಲ್ಲ ಗೋವೆಯಲ್ಲಿ ಹಚ್ಚಿದ ಹೀನಾಯದ ಹೆಸರು ಘಾಂಟಿ. ಕಂಠೆಪ್ಪ ತಾಳಿಕೋಟೆಯಿಂದ ಇಳಿದು ಬಂದವನು. ಸಾಹಿಲನಿಗೆ ಆ ನಗೆಯೇ ಹೆಚ್ಚು ಉರಿಯಿತು. ಕೈಯಲ್ಲಿದ್ದ ಚಹಾ ಕುಡಿಯದೆ ಮೇಜಿನ ಮೇಲಿಟ್ಟ.

ಪ್ರಭುದೇಸಾಯಿಯ ಪಣಜಿಯ ಕಂಪನಿಗೆ ದೇಶದೇಶಗಳಲ್ಲಿ ಆಫೀಸು. ಬೇರೆಯವರ ಕಾರ್ಖಾನೆಗೆ ಹೋಗಿ, ಎಲ್ಲ ಸರಿಯಿದೆಯೇ ಎಂದು ನೋಡಿ, ಸರಿಯಿದೆ ಎಂದು ಸಹಿ ಹಾಕುವುದು ಅದರ ಉದ್ಯೋಗ. ಹತ್ತನೇ ಇಯತ್ತೆಗೇ ಶಾಲೆಗೆ ಬೆನ್ನು ಹಾಕಿದ ಸಾಹಿಲ ಸರಕಾರದ ಯೋಜನೆಯಲ್ಲಿ ಅಲ್ಲಿ ಅಪ್ರೆಂಟಿಸ್ ಆಗಿದ್ದ. ಕೆಲಸ ಕಲಿಸುತ್ತೇವೆ ಎಂದಿದ್ದರು. ಕಲಿತದ್ದೆಂದರೆ ಝೆರಾಕ್ಸ್ ಯಂತ್ರದಲ್ಲಿ ಸಿಕ್ಕಿಕೊಂಡ ಕಾಗದ ಎಳೆಯುವುದು, ಯಾರಿಗೆ ಸಕ್ಕರೆ ಹಾಕದ ಚಹಾ ಎಂಬುದು. ವರ್ಷ ತುಂಬಿದ ಮೇಲೆ ಇಟ್ಟುಕೊಳ್ಳುವುದು ಬಿಡುವುದು ಪ್ರಭುದೇಸಾಯಿಯ ಕೈಯಲ್ಲಿತ್ತು. ಇವತ್ತು ಮೊದಲ ಸಲ ಅವನು ತನ್ನ ಕಾರಿಗೆ ಹತ್ತಿಸಿಕೊಂಡಾಗ, ಕೊನೆಗೂ ಕಲಿಸುತ್ತಾರೆ ಎಂದು ಸಾಹಿಲ ಅಂದುಕೊಂಡಿದ್ದ. ಕರೆತಂದದ್ದು ಅವನ ಕನ್ನಡದ ನಾಲಿಗೆಗಾಗಿ. ಬಾಟಲಿ ತೊಳೆಯುವವರೆಲ್ಲ ಬಾಗಲಕೋಟೆ, ವಿಜಾಪುರದ ಕಡೆಯವರು.

ಸ್ಟೋರ್ ರೂಮಿನ ಪಕ್ಕದ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕರೆದರು. ಬಂದವರೆಲ್ಲ “ಎಲ್ಲಾ ಚಲೋ ಐತ್ರಿ” ಎಂದು ಗಿಳಿಯ ಹಾಗೆ ಹೇಳಿ ಹೋದರು. ಎಲ್ಲರ ಕಾಲಲ್ಲೂ ಹೊಸ ಬೂಟು. ಆಮೇಲೆ ಹುಲಿಗೆವ್ವ ಕುಂಟುತ್ತ ಒಳಗೆ ಬಂದಳು. ಝುವಾರಿನಗರದಲ್ಲಿ ಅವಳ ಮನೆಗೂ ಸಾಹಿಲನ ಮನೆಗೂ ಗೋಡೆ ಒಂದೇ. ಅವನ ತಾಯಿ ಚಮನಬಿ ಕೆಲಸಕ್ಕೆ ಹೋದ ದಿನಗಳಲ್ಲಿ ಅವನು ಉಂಡದ್ದು ಅವಳ ಕೈರೊಟ್ಟಿ.

“ಅಯ್ಯ, ಸಾಹಿಲ್ಯಾ, ನೀನೇನೋ? ಯಾರೋ ಸಾಹೇಬ ಬಂದಾನಂತ ಸೆರಗ ಹೊತ್ಕೊಂಡು ಬಂದೆ.”

“ಕೂಡ್ರು ಚಿಗವ್ವ. ಬೂಟು ಕೊಟ್ಟಾರೇನು?”

“ಕೊಟ್ಟಾರಲ್ಲ, ಇವತ್ತ ಮುಂಜಾನೆ, ನೀವು ಬರ್ತೀರಂತ. ಸಂಜೀಕ ಚೀಲಕ್ಕ ತುಂಬಿ ಒಯ್ತಾರ. ನನಗ ಗಂಡಸರ ಬೂಟು ಬಂದೈತಿ, ಒಳಗ ಇನ್ನೊಬ್ಬಾಕಿ ಕೂಡ್ರಬಹುದು.” ನಕ್ಕಳು. ಆಮೇಲೆ ದನಿ ತಗ್ಗಿಸಿದಳು. “ಹೋದ ವಾರ ಬಾಟಲಿ ತೊಳಿಯೋ ಕಾಸ್ಟಿಕ್ ನೀರು ಬಿದ್ದು ಪಾದ ಸುಲದೈತಿ ನೋಡು. ಚಪ್ಪಲ್ಯಾಗ ಹೆಂಗೋ ನಡೀತಿತ್ತು, ಇದರಾಗ ಭಾಳ ಉರಿಯಾಕತ್ತೈತಿ. ನಿಮ್ಮವ್ವಗ ಹೇಳಬ್ಯಾಡ ಮತ್ತ, ಸುಮ್ನ ಅಳತಾಳ.”

ಪ್ರಭುದೇಸಾಯಿ ಮೊಬೈಲಿನಿಂದ ತಲೆಯೆತ್ತಲಿಲ್ಲ. “ಕಿತೇಂ ರೇ, ಏನಂತೆ ಇವಳದು? ಎಲ್ಲ ಸರಿ ಅಂತ ಹಾಕಲಾ?”

ಅವನ ಬೆರಳು ಆಗಲೇ ಟ್ಯಾಬ್ಲೆಟ್ಟಿನ ಮೇಲಿತ್ತು. ಸಾಹಿಲ ಆ ಬೆರಳನ್ನೇ ನೋಡಿದ. ಕ್ಯಾಂಟೀನಿನ ನಗೆ ಮತ್ತೆ ಕಿವಿಗೆ ಬಂತು. ಹಿಂದಿಯಲ್ಲಿ, ಬಾಗಿಲಾಚೆಗೂ ಕೇಳುವ ಹಾಗೆ ಎಲ್ಲ ಹೇಳಿದ. ಚೀಲ ಹೇಳಿದ, ಚಪ್ಪಲಿ ಹೇಳಿದ, ಸುಟ್ಟ ಪಾದ ಹೇಳಿದ.

ಸಂತೆಗೆ ಸಾಕಾಗುವಷ್ಟು ಹಿಂದಿ ಹುಲಿಗೆವ್ವನಿಗೂ ಬರುತ್ತಿತ್ತು. ಅವಳ ಮುಖ ಕಪ್ಪಿಟ್ಟಿತು. ಕಂಠೆಪ್ಪ ಬಾಗಿಲಿಗೆ ಬಂದು ನಿಂತಿದ್ದ.

“ಇಲ್ರಿ ಧಣಿ,” ಅವಳು ಅವನಿಗೆ ಹೇಳಿದಳು, “ಹುಡುಗ ಏನೋ ತಪ್ಪು ತಿಳಕೊಂಡಾನ. ಬೂಟು ದಿನಾ ಕೊಡ್ತೀರಿ.”

“ಸುಳ್ಳು,” ಸಾಹಿಲ ಹಿಂದಿಯಲ್ಲೇ ಅಂದ. “ಬೂಟು ಬಿಚ್ಚಿಸಿ ನೋಡಿ.”

ಬಿಚ್ಚಿಸಿದರು. ಸುತ್ತಿದ್ದ ಹಳೆಯ ಸೀರೆಯ ಚೂರು ಚರ್ಮಕ್ಕೆ ಅಂಟಿಕೊಂಡಿತ್ತು. ಅವಳು ಅದನ್ನು ಸೆರಗಿನಿಂದ ಮುಚ್ಚಿಕೊಳ್ಳಲು ನೋಡಿದಳು.

ಈಗ ದೊಡ್ಡ ಗಲಾಟೆಯಾಗುತ್ತದೆ, ಪ್ರಭುದೇಸಾಯಿಯ ಸಹಿ ನಿಲ್ಲುತ್ತದೆ, ಕಂಠೆಪ್ಪನ ನಗೆ ಇಂಗುತ್ತದೆ ಎಂದು ಸಾಹಿಲ ಕಾದ. ಏನೂ ಆಗಲಿಲ್ಲ. ಸಾಹೇಬರೆಲ್ಲ ಏಸಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ಬರುವಾಗ ಪ್ರಭುದೇಸಾಯಿ ಬಾಯಿಗೆ ಸೋಂಪು ಹಾಕಿಕೊಳ್ಳುತ್ತಿದ್ದ.

“ಶಾಬಾಸ್ ರೇ. ಎಲ್ಲ ಸರಿ ಅಂತ ಬರೆದರೆ ಮೇಲಿನವರು ನಂಬೋದಿಲ್ಲ. ಒಂದು ತಪ್ಪು ಸಿಕ್ಕಬೇಕು, ಸರಿಯೂ ಆಗಬೇಕು. ಗಾಯವಾದ ಹೆಂಗಸನ್ನು ಇವತ್ತೇ ಕೆಲಸದಿಂದ ತೆಗೆದರು. ಆ ವಿಷಯ ಮುಗೀತು.”

“ಬೂಟು?”

“ಮುಂದಿನ ಸಲ ನೋಡೋಣ.”

ಹುಲಿಗೆವ್ವ ಗೇಟಿನ ಹತ್ತಿರ ಚಪ್ಪಲಿಯಲ್ಲಿ ನಿಂತಿದ್ದಳು. ಕಂಠೆಪ್ಪ ಅವಳ ಗೇಟ್ ಪಾಸ್ ಕಿತ್ತುಕೊಂಡಿದ್ದ. ಸಾಹಿಲ ಓಡಿಹೋಗಿ ಅವಳ ಬುತ್ತಿಚೀಲ ಹಿಡಿದುಕೊಳ್ಳಲು ಕೈ ಚಾಚಿದ. ಅವಳು ಕೊಡಲಿಲ್ಲ.

“ಚಿಗವ್ವ, ನಾ ಖರೇನ ಹೇಳಿದ್ನಿ.”

“ಖರೇ ಅಂತ ನನಗ ಗೊತ್ತಿಲ್ಲೇನು? ನಂದ ಕಾಲು.” ಅವಳು ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. “ನಾ ನಿನಗ ಹೇಳಿದ್ದೆ, ಅವರಿಗಲ್ಲ. ನಿಮ್ಮ ಸಾಹೇಬ ನಿನಗ ಘಾಂಟಿ ಅಂದದ್ದು ಈಗ ಚಹಾದ ಹುಡುಗ ಬಂದು ಎಲ್ಲಾರಿಗೂ ಹೇಳಿದ. ಸಿಟ್ಟು ನಿಂದಿತ್ತು. ನನ್ನ ಕಾಲು ಯಾಕ ತಗೊಂಡಿ?”

ಅವಳು ಗೋಡೆ ಹಿಡಿದುಕೊಂಡು ಗೇಟಿನಾಚೆ ಹೋಗಿ, ಕುಂಟುತ್ತ ರಸ್ತೆ ದಾಟಿದಳು.

ಹಿಂದಿನಿಂದ ಹಾರ್ನ್ ಕೇಳಿತು. ಪ್ರಭುದೇಸಾಯಿ ಕಾರಿನ ಗಾಜು ಇಳಿಸಿದ್ದ. ಪಕ್ಕದಲ್ಲಿ ಕಂಠೆಪ್ಪ ಕೈಕಟ್ಟಿ ನಿಂತಿದ್ದ.

“ಹತ್ತು ರೇ. ಬುಧವಾರ ಮಡ್ಕಯಿಯ ಕಾರ್ಖಾನೆಗೆ ಹೋಗೋದಿದೆ. ಅಲ್ಲೂ ನಿಮ್ಮವರೇ. ನಿನ್ನನ್ನು ಪರ್ಮನೆಂಟ್ ಮಾಡಿ ಅಂತ ಇವತ್ತೇ ಫೋನ್ ಮಾಡ್ತೀನಿ. ಏನಂತೀಯ?”

ಬಾಯಿ ತೆರೆದರೆ ಇನ್ನು ಯಾರ ಮನೆಯ ಮಾತು ಹೊರಬೀಳುವುದೋ ಅನ್ನಿಸಿತು ಸಾಹಿಲನಿಗೆ. ಅವನು ಕಾರಿನ ಮುಂದಿನಿಂದಲೇ ಹಾದು ಗೇಟು ದಾಟಿ ಹೆದ್ದಾರಿಯ ಕಡೆ ನಡೆದ. ಹಾರ್ನ್ ಇನ್ನೊಮ್ಮೆ ಕೂಗಿ ಸುಮ್ಮನಾಯಿತು.

ಪಾಳಿ ಬಿಟ್ಟಿತ್ತು. ಕಂಪನಿಗಳ ಬಸ್ಸುಗಳು ಒಂದರ ಹಿಂದೆ ಒಂದು ಬಂದು, ಅವನ ಪಕ್ಕದಲ್ಲಿ ಹಂಪ್ ಹತ್ತಿ ನಿಧಾನವಾಗುತ್ತಿದ್ದವು. ಹತ್ತುವವನೇ ಇರಬೇಕೆಂದು ಒಬ್ಬ ಕ್ಲೀನರ್ ಬಾಗಿಲು ತೆರೆದು ಹಿಡಿದ, ಸ್ವಲ್ಪ ದೂರ ಹಾಗೇ ಹಿಡಿದುಕೊಂಡು ಬಂದು, ಆಮೇಲೆ ಮುಚ್ಚಿದ.